ಅತ್ತಿ ಗಂಟಲಿಗೆ ಸಪ್ಪನ ಬ್ಯಾಳಿ

ಖೀರಿನ ಬೋಗಾಣಿ ಹ್ಯಾಂಗ ಹೊತ್ಕೊಂಡು ಹೋಗಿದ್ನೋ ಹಂಗೇ ಹೊತ್ಕೊಂಡು ಬಂದೆ. ಒಂದು ಚಮಚ ಕಮ್ಮಿ ಆಗಿರಲಿಲ್ಲ. ಹಾಲು, ಅಕ್ಕಿ, ಸಕ್ರಿ, ಯಾಲಕ್ಕಿ, ಮ್ಯಾಲ ಗೋಡಂಬಿ ಬ್ಯಾರೆ ಹುರದು ಹಾಕಿದ್ದೆ. ಅದನ್ನ ಅಡಗಿಮನ್ಯಾಗ ಇಟ್ಟು, ಸೆರಗಿನ್ಯಾಗ ಮುಖ ಒರಸಿಕೊಂಡು ಆವಾಗ್ಲೇ ಅಂದ್ಕೊಂಡೆ, ಇದಕ್ಕ ಬದಲಾ ತೊಗೊಳ್ಳಲಿಲ್ಲಂದ್ರ ನಾನು ದುಬಲಗುಂಡಿ ಮಗಳೇ ಅಲ್ಲ.

ನನ್ನ ಹೆಸರು ಸುಜಾತಾ. ದುಬಲಗುಂಡ್ಯಾಗ ಹುಟ್ಟಿ ಬೆಳದಾಕಿ, ಕೊಟ್ಟಿದ್ದು ಬಸವಕಲ್ಯಾಣಕ್ಕ. ನಮ್ಮಲ್ಲಿ ಆಷಾಢ ಹುಣ್ಣಿವಿಯಿಂದ ಆಶ್ವಿನ ಹುಣ್ಣಿವಿ ತನಕ ವರ್ಷಾವಾಸ. ಪ್ರತಿ ಐತವಾರ ಮೊಹಲ್ಲಾದ ಮಂದಿ ಬಿಳಿ ಬಟ್ಟಿ ಹಾಕ್ಕೊಂಡು ಬುದ್ಧವಿಹಾರದಾಗ ಕೂಡ್ತಾರ. ವಂದನಾ ಆಗ್ತದ, ಗ್ರಂಥ ಓದ್ತಾರ, ಹಾಡು ಆಗ್ತಾವ, ಕಡೀಕ ಖೀರು. ಖೀರು ಒಂದೊಂದು ಐತವಾರ ಒಂದೊಂದು ಮನಿ ಪಾಳಿ. ಆವತ್ತು ನಮ್ಮ ಮನಿ ಪಾಳಿ ಇತ್ತು. ನಾನು ಸೌಟು ಹಿಡದು ನಿಂತ್ರ ಒಬ್ಬಾಕಿ "ನನಗ ಶುಗರ್ ಅದವ್ವ" ಅಂದ್ಲು. ಇನ್ನೊಬ್ಬಾಕಿ "ಹೊಟ್ಟಿ ತುಂಬ್ಯದ" ಅಂದ್ಲು. ಮಗ್ಗಲ ಮನಿ ಯಶೋದಾಬಾಯಿ ಅಂತೂ ತನ್ನ ಮೊಮ್ಮಗಳ ಕೈಯಾಗಿನ ಬಟ್ಟಲ ಕಸಗೊಂಡು ಚೀಲದಾಗ ಹಾಕ್ಕೊಂಡ್ಲು. ಆ ಕೂಸು ನನ್ನ ಬೋಗಾಣಿ ನೋಡ್ಕೋತ ಅಳಾಕತ್ತಿತ್ತು.

ಯಾಕಂದ್ರ ಅದರ ಹಿಂದಿನ ಐತವಾರ ನಮ್ಮ ಅತ್ತಿ ಕಮಳಾಬಾಯಿ ಅದೇ ವಿಹಾರದಾಗ ಮೈಕ್ ಹಿಡದು, ಉಳದಿದ್ದ ಅಷ್ಟಿಷ್ಟು ದನ್ಯಾಗ ಹೇಳಿಬಿಟ್ಟಿದ್ರು: "ನನ್ನ ದನಿ ತಾನಾಗಿ ಹೋಗಿಲ್ರಿ. ನಮ್ಮ ಮನ್ಯಾಗಿನಾಕಿ ಶೇಂದೂರ ತಿನ್ನಿಸ್ಯಾಳ."

ಶೇಂದೂರ ಅಂದ್ರ ಹಣಮಂತದೇವರ ಕಲ್ಲಿಗೆ ಬಳೀತಾರಲ್ಲ, ಆ ಕೇಸರಿ ಪುಡಿ. ಅದನ್ನ ಎಲಿ ಅಡಿಕ್ಯಾಗೋ ಊಟದಾಗೋ ಹಾಕಿ ತಿನ್ನಿಸಿದ್ರ ಹಾಡೋರ ದನಿ ಒಡದು ಹೋಗ್ತದ ಅಂತ ಹಳೇ ಮಾತು. ಗಡಿ ಆಚಿ ಕಡಿ ತಮಾಶಾ ಆಟದಾಗ ಹಾಡಿ ಕುಣಿಯೋರು ಒಬ್ಬರಿಗೊಬ್ಬರು ಹಿಂಗ ಮಾಡ್ತಿದ್ರು ಅಂತ ನಮ್ಮ ಅತ್ತಿ ಸಣ್ಣಾಕಿದ್ದಾಗ ಕೇಳಿದ್ರಂತ. ಎತ್ತು ಈದದ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೋ ಮಂದಿಗೆ ಇಷ್ಟು ಸಾಕಾತು.

ಖರೇ ಏನಂದ್ರ, ನಮ್ಮ ಮನಿಯವರು, ಅಂದ್ರ ಅಜೀತ, ಹೈವೇ ಮ್ಯಾಗಿನ ಶೆಡ್ಡಿನ್ಯಾಗ ಲಾರಿ ಬಾಡಿ ಕಟ್ತಾರ. ಬಣ್ಣ ಹೊಡಿಯೋಕಿಂತ ಮೊದಲು ಕಬ್ಬಿಣಕ್ಕ ರೆಡ್ ಆಕ್ಸೈಡ್ ಬಳೀತಾರ. ಆ ಕೆಂಪು ಅವರ ಅಂಗಿ ಪ್ಯಾಂಟಿಗೆ ಹತ್ತಿ ಮನಿಗೆ ಬರ್ತದ. ಅದನ್ನ ತಿಕ್ಕಿ ತಿಕ್ಕಿ ತೊಳಿಯಾಕಿ ನಾನು. ಒಂದಿನ ಬಟ್ಟಿ ತೊಳದು ಬಂದು ರೊಟ್ಟಿ ಬಡಿಯಾಕ ಕೂತಿದ್ದೆ, ಉಗರ ಸಂದ್ಯಾಗ ಕೆಂಪು ಉಳದಿತ್ತು. ಯಶೋದಾಬಾಯಿ ಹಾಲಿಗೆ ಹೆಪ್ಪು ಕೇಳಾಕ ಬಂದಾಕಿ ನನ್ನ ಕೈ ನೋಡಿ ಹೋದ್ಲು. ಹೆಪ್ಪು ನಮ್ಮ ಮನೀದು ಒಯ್ದು, ಹುಳಿ ಊರ ತುಂಬ ಹಿಂಡಿದ್ಲು.

"ಶೇಂದೂರ ಕೇಸರಿ ಇರ್ತದ, ಇದು ಇಟ್ಟಂಗಿ ಬಣ್ಣ. ಕಣ್ಣು ಕಾಣಂಗಿಲ್ಲೇನು ನಿಮಗ?" ಅಂತ ನಾನು ಹೊಯ್ಕೊಂಡೆ. ಯಾರು ಕೇಳ್ತಾರ?

ಖೀರು ವಾಪಸ್ ಬಂದ ದಿನ ನಮ್ಮ ಮನಿಯವರಿಗೆ ಕೇಳ್ದೆ, "ನಿಮ್ಮ ಅಂಗಿ ತೊಳದಿದ್ದಕ್ಕ ನಾನು ವಿಷ ಹಾಕಿದಾಕಿ ಆದೆ. ನೀವರೆ ಹೋಗಿ ನಾಕು ಮಂದಿಗೆ ಹೇಳ್ರಲ್ಲ?"

"ಏನಂತ ಹೇಳಲಿ? ನಮ್ಮವ್ವ ಸುಳ್ಳು ಹೇಳ್ಯಾಳ ಅಂತ ಹೇಳಲೇನು?"

"ಹೌದು, ಹಂಗೇ ಹೇಳ್ರಿ."

"ನೀ ಜರಾ ಸುಮ್ಮನಿರು ಸುಜಾತಾ. ನಾಕು ದಿನ ಹೋದ್ರ ಮಂದಿ ಮರೀತಾರ."

ಗಂಡಸರ ಔಷಧ ಒಂದೇ, ನಾಕು ದಿನ. ಆದ್ರ ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ನನ್ನ ಇಜ್ಜತ್ ವಿಹಾರದ ಮೈಕಿನ್ಯಾಗ ಹೋಗಿತ್ತು, ಅಡಗಿಮನ್ಯಾಗ ಕೂತ್ರ ಅದು ವಾಪಸ್ ಬರ್ತದೇನು?

ಅತ್ತಿ ದನಿ ಸುಮ್ಮನ ದನಿ ಅಲ್ಲ, ಅದನ್ನೂ ಹೇಳಬೇಕು. ನಾರಾಯಣಪುರದಾಗ ಕೂಲಿ ಮಾಡೋ ವಯಸ್ಸಿನ್ಯಾಗ ಕಳೆ ಕೀಳ್ಕೋತ ಹಾಡಿ ಹಾಡಿ ಆದ ದನಿ ಅದು. ಲಗ್ನ ಇರಲಿ, ತೊಟ್ಟಿಲ ಇರಲಿ, ಜಯಂತಿ ಇರಲಿ, ಕಮಳಾಬಾಯಿ ಬರಲಿಲ್ಲಂದ್ರ ಶುರು ಆಗಂಗಿಲ್ಲ. ಮೈಕ್ ಇಲ್ಲದನೂ ಕಡೀ ಸಾಲಿಗೆ ಮುಟ್ತಿತ್ತು. ಹೋಳಿ ಆದಮ್ಯಾಲ ಅದು ಕೆಡಾಕ ಶುರು ಆತು. ಮುಂಜಾನಿ ಎದ್ರ ದನಿ ಕಾಗಿದ್ದಂಗ. ಇಡೀ ದಿನ ಖ್ಯಾಕ್ ಖ್ಯಾಕ್ ಅಂತ ಗಂಟಲ ಕೆರೀತಿದ್ರು. "ಹುಣಸಿ ಬೀಜ ಸಿಕ್ಕಂಗ ಆಗ್ಯದ. ನುಂಗಿದ್ರ ಇಳಿಯಂಗಿಲ್ಲ, ಉಗುಳಿದ್ರ ಬರಂಗಿಲ್ಲ" ಅಂತಿದ್ರು. ಓಣ್ಯಾಗಿನ ದವಾಖಾನಿ ಡಾಕ್ಟರ್ ಗುಳಗಿ ಕೊಟ್ಟ, ಮತ್ತ ಕೊಟ್ಟ, ಬ್ಯಾರೆ ಬಣ್ಣದ್ದು ಕೊಟ್ಟ. ಟೀಬಿ ಇರಬೇಕಂತ ಕಫ ನೋಡಿದ್ರು, ಎದಿ ಫೋಟೋ ತಗದ್ರು. ಏನೂ ಇಲ್ಲ. ಏನೂ ಇಲ್ಲಂದಮ್ಯಾಲ ಸೊಸಿ ಇರಬೇಕಲ್ಲ! ಕುಣಿಯಾಕ ಬರದಾಕಿ ಅಂಗಳ ಡೊಂಕ ಅಂದ್ಲಂತ.

ಮೈಕಿನ್ಯಾಗ ಹೇಳಿದ ಮರುದಿನದಿಂದ ಅತ್ತಿ ನನ್ನ ಕೈ ಊಟ ಬಿಟ್ರು. ಹೊರಗಿನ ಪಡಸಾಲ್ಯಾಗ ಸಣ್ಣ ಗ್ಯಾಸ್ ಒಲಿ ಇಟ್ಕೊಂಡು ತಾವೇ ಮಾಡ್ಕೊಳ್ಳಾಕತ್ತಿದ್ರು. ಏನು ಮಾಡ್ಕೋತಿದ್ರು? ಹಸಿ ಮೆಣಸಿನಕಾಯಿ ಠೇಚಾ, ಎಣ್ಣಿ ತೇಲೋ ಬದನಿಕಾಯಿ ಪಲ್ಯ, ಮಿರ್ಚಿ ಭಜಿ. ಗಂಟಲಕ್ಕ ಛಲೋ ಅಂತ ಕರಿಮೆಣಸಿನ ಕಷಾಯ, ನಿಂಬಿಹಣ್ಣಿನ ನೀರು. ನಡುನಡುವ ಚಹಾ. ಊಟ ಹತ್ತು ಹೊಡದಮ್ಯಾಲ, ಉಂಡ ಕೈ ತೊಳದು ಅಲ್ಲೇ ಮಂಚದ ಮ್ಯಾಲ ಅಡ್ಡ. ಎದ್ದ ಕೂಡ್ಲೆ ಹಲ್ಲಿಗೆ ತಂಬಾಕಿನ ಮಿಶ್ರಿ. ದನಿ ಇನ್ನಿಷ್ಟು ಕೆಡ್ತು.

ನಮ್ಮ ಮಾವ ದೇವಿದಾಸ ನಾರಾಯಣಪುರದ ಹೊಲಕ್ಕ ದಿನಾ ಹೋಗಿ ಬರೋರು, ಮಾತು ಕಮ್ಮಿ. ಅವರಿಗೂ ಒಂದಿನ ತಡಿಲಿಲ್ಲ. ಗ್ವಾಡಿ ಮ್ಯಾಲಿನ ಬಾಬಾಸಾಹೇಬರ ಫೋಟೋ ಕಡಿ ಕೈ ಮಾಡಿ, "ಅವರ ಕೆಳಗ ಕೂತು ಮಾಟ ಮಂತ್ರದ ಮಾತು ಆಡ್ತೀಯಲ್ಲ, ನಾಚಿಕಿ ಆಗಂಗಿಲ್ಲೇನು?" ಅಂದ್ರು.

"ಇದು ಮಾಟ ಅಲ್ಲ. ಔಷಧದ ಗುಣ" ಅಂದ್ರು ಅತ್ತಿ, ಅರ್ಧ ಗಾಳಿ ಅರ್ಧ ದನ್ಯಾಗ.

ಭಾದ್ರಪದಕ್ಕಿಂತ ಮೊದಲು ನಮ್ಮ ನಾದಿನಿ ಆಮ್ರಪಾಲಿ ಹುಮನಾಬಾದ್‌ದಿಂದ ಬಂದ್ಲು. ಅಕಿ ಗಂಡನ ಮನಿ ಅಲ್ಲೇ. ಬಂದಾಕಿ ಎರಡು ಒಲಿ ನೋಡಿ ಬಾಗಲದಾಗೇ ನಿಂತ್ಲು.

"ಏನಿದು ವೈನಿ? ಬ್ಯಾರೆ ಆಗೀರೇನು?"

"ನಿಮ್ಮವ್ವಗ ಕೇಳವ್ವ. ನಾನು ಶೇಂದೂರ ತಿನ್ನಿಸೋಳು."

ಅತ್ತಿ ಹೇಳಿದ್ರು, ನಾನು ಹೇಳ್ದೆ, ಇಬ್ಬರೂ ಕೂಡೇ ಹೇಳಿದ್ವಿ. ಕಡೀಕ ನಾನು ಕೇಳಿದ್ದು ಇಷ್ಟೇ: "ಅತ್ತೀ, ನನ್ನ ಕೈ ಊಟ ಬಿಟ್ಟು ಎಷ್ಟು ದಿನ ಆತು? ದನಿ ಬಂತೇನ್ರಿ? ಇದ್ದದ್ದೂ ಹೋತು. ಹಂಗಂದ್ರ ಈಗ ಯಾರು ತಿನ್ನಿಸಾಕತ್ಯಾರ, ಯಶೋದಾಬಾಯಿನೇನು?"

ಆಮ್ರಪಾಲಿ ಅಂದ್ಲು, "ಹುಮನಾಬಾದ್‌ದಾಗ ಗಂಟಲ ಡಾಕ್ಟರ್ ಒಬ್ಬರು ಅದಾರ, ನೂರೀನ್ ಅಂತ. ಗಂಟಲದಾಗ ಕ್ಯಾಮೆರಾ ಬಿಟ್ಟು ನೋಡ್ತಾರ. ನಡೀ ಅವ್ವಾ."

ಕ್ಯಾಮೆರಾ ಅಂದ ಕೂಡ್ಲೆ ಅತ್ತಿ ಕಣ್ಣು ಮಿಂಚಿದ್ವು. "ನಡೀರಿ. ಶೇಂದೂರ ಒಳಗ ಕೂತಿದ್ರ ಕಾಣ್ತದಲ್ಲ, ಆವಾಗ ಇಕಿ ಮಾರಿ ನೋಡ್ತೀನಿ."

"ನೋಡ್ರಿ" ಅಂದೆ ನಾನು. "ಕಂಡ್ರ ನಾನು ತವರುಮನಿಗೆ ಹೋಗ್ತೀನಿ, ತಿರುಗಿ ಬರಂಗಿಲ್ಲ. ಕಾಣಲಿಲ್ಲಂದ್ರ ಯಾವ ಮೈಕಿನ್ಯಾಗ ಅಂದೀರಿ, ಅದೇ ಮೈಕಿನ್ಯಾಗ ವಾಪಸ್ ತೊಗೋಬೇಕು. ಆಮ್ರಪಾಲಿ, ನೀ ಸಾಕ್ಷಿ."

"ಆತು" ಅಂದ್ರು ಅತ್ತಿ.

ಡಾಕ್ಟರ್ ನೂರೀನ್ ನನ್ನ ವಾರಗಿಯವರು, ನಗುಮುಖದವರು. ಮೊದಲು ಬರೇ ಕೇಳಿದ್ರು. ದನಿ ಮುಂಜಾನಿ ಕೆಡ್ತದೋ ಸಂಜಿಕೋ? ಮಲಗಿದಾಗ ಕೆಮ್ಮು ಬರ್ತದೇನು? ಊಟ ಆದ ಮ್ಯಾಲ ಎಷ್ಟೊತ್ತಿಗೆ ಮಲಗ್ತೀರಿ? ಚಹಾ? ಖಾರ? ತಂಬಾಕು? ಅತ್ತಿ ಎಲ್ಲಕ್ಕೂ ಕಮ್ಮಿ ಕಮ್ಮಿ ಹೇಳಿದ್ರು, ನಾನು ಮಗ್ಗಲದಾಗ ನಿಂತು ಖರೇ ಲೆಕ್ಕ ಹೇಳ್ದೆ. ಆಮ್ಯಾಲ ಗಂಟಲಕ್ಕ ಜುಮು ಹಿಡಿಯೋ ಔಷಧ ಹೊಡದು, ನಾಲಿಗಿ ಬಟ್ಟಿಲೆ ಹಿಡದು, ಉದ್ದನ ಕೋಲಿನಂಥ ಕ್ಯಾಮೆರಾ ಬಾಯಾಗ ಇಟ್ಟು "ಈ ಅನ್ರಿ ಅಮ್ಮಾ, ಈ..." ಅಂದ್ರು.

ಎದುರಿನ ಟೀವ್ಯಾಗ ಗಂಟಲ ಒಳಗಿಂದು ಬಂತು. ಎರಡು ಬಿಳಿ ಪಟ್ಟಿ, ಅದರ ಹಿಂದ ಎಲ್ಲಾ ಕೆಂಪು, ಉಬ್ಬಿ ಕೂತಿತ್ತು. ಕ್ಯಾಮೆರಾ ಹೊರಗ ತಗಿಯೋ ತಡ ಇಲ್ಲ, ಅತ್ತಿ ಬೊಟ್ಟು ಮಾಡಿ ಒದರಿದ್ರು, "ನೋಡ್ರಿ! ಕೆಂಪು! ಶೇಂದೂರ!"

ಡಾಕ್ಟರಿಗೆ ತಿಳೀಲಿಲ್ಲ. ನಾನೇ ಬಿಡಿಸಿ ಹೇಳ್ದೆ. "ಡಾಕ್ಟರ್, ನಾನು ಇವರ ಸೊಸಿ. ನಾನು ಶೇಂದೂರ ತಿನ್ನಿಸೀನಿ ಅಂತಾರ. ಅದೇನಾ ಇದು? ಇದ್ರ ಅದ ಅಂತ ಹೇಳ್ರಿ, ಇಲ್ಲಂದ್ರ ಇಲ್ಲ ಅಂತ ಹೇಳ್ರಿ. ನನ್ನ ಬಾಳೇವು ಇದರ ಮ್ಯಾಲ ನಿಂತದ."

ಡಾಕ್ಟರ್ ನಗೋದು ಬಿಟ್ಟು ಅತ್ತಿ ಕಡಿ ತಿರುಗಿದ್ರು. "ಅಮ್ಮಾ, ಇದು ಬಣ್ಣ ಅಲ್ರಿ, ಬಾವು. ಹೊಟ್ಟ್ಯಾಗ ಹುಳಿ ಇರ್ತದ, ಅನ್ನ ಕರಗಸಾಕ. ಅದು ಹೊಟ್ಟ್ಯಾಗೇ ಇರಬೇಕು. ನೀವು ಹೊಟ್ಟಿ ತುಂಬ ಉಂಡು ಅಡ್ಡ ಆಗ್ತೀರಿ, ಅದು ಮ್ಯಾಲ ಹರದು ಬಂದು ದನಿಪೆಟ್ಟಿಗಿ ಸುಡ್ತದ. ದಿನಾ ಸುಟ್ರ ಕೆಂಪು ಆಗ್ತದ, ಉಬ್ತದ. ಅದಕ್ಕೇ ಬೀಜ ಸಿಕ್ಕಂಗ ಅನಸ್ತದ, ಅದಕ್ಕೇ ನೀವು ಕೆರೀತೀರಿ. ಕೆರದಷ್ಟೂ ಬಾವು ಇನ್ನೂ ಏರ್ತದ."

"ನನಗ ಎದಿ ಉರಿಯಂಗಿಲ್ಲಲ್ರಿ?"

"ಭಾಳ ಮಂದಿಗೆ ಉರಿಯಂಗಿಲ್ಲ. ಅದಕ್ಕೇ ಯಾರಿಗೂ ಲಗೂ ಗೊತ್ತಾಗಂಗಿಲ್ಲ. ಗಂಟು ಗಿಂಟು ಏನೂ ಇಲ್ಲ, ಫಿಕರ್ ಮಾಡಬ್ಯಾಡ್ರಿ. ನಿಮ್ಮ ಸೊಸಿನೂ ಏನೂ ಮಾಡಿಲ್ಲ."

ಆ ಕಡೀ ಮಾತು ಕೇಳಿ ನನಗ ಅಲ್ಲೇ ಕೂತು ಅತ್ತುಬಿಡಬೇಕು ಅನಸ್ತು. ಅಳಲಿಲ್ಲ. ಸೆರಗು ಬಿಗಿ ಮಾಡಿ, ಪಥ್ಯ ಏನೇನು ಅಂತ ಕೇಳಿಕೊಂಡೆ. ಗುಳಗಿ ಖಾಲಿ ಹೊಟ್ಟ್ಯಾಗ. ಊಟ ಸಂಜಿಕ ಲಗೂ, ಉಂಡ ಮೂರು ತಾಸು ಅಡ್ಡ ಆಗಂಗಿಲ್ಲ. ಖಾರ ಬಂದ್, ಕರದಿದ್ದು ಬಂದ್, ಹುಳಿ ಬಂದ್, ಚಹಾ ಬಂದ್, ಮಿಶ್ರಿ ಬಂದ್. ಮಂಚದ ತಲಿ ಕಡಿ ಕಾಲು ಎತ್ತರ ಮಾಡಬೇಕು. ಒಂದು ವಾರ ಮಾತು ಬ್ಯಾಡ, ಪಿಸುಮಾತಂತೂ ಬ್ಯಾಡೇ ಬ್ಯಾಡ. ಎರಡು ಮೂರು ತಿಂಗಳು ಹಿಡೀತದ, ಆದ್ರ ದನಿ ಬರ್ತದ.

"ಒಂದೂ ತಪ್ಪಸಂಗಿಲ್ಲ ಡಾಕ್ಟರ್" ಅಂದೆ. ಅತ್ತಿ ನನ್ನ ಮಾರಿ ನೋಡಿದ್ರು.

ಹುಮನಾಬಾದ್ ಬಸ್ ಸ್ಟ್ಯಾಂಡಿನ್ಯಾಗ ಬಿಸಿ ಮಿರ್ಚಿ ಭಜಿ ಬಾಣಲಿಯಿಂದ ಎತ್ತಾಕತ್ತಿದ್ರು. ಅತ್ತಿ ಕಾಲು ತಾವೇ ಆ ಕಡಿ ತಿರುಗಿದ್ವು. ನಾನು ರಟ್ಟಿ ಹಿಡದು ಬಸ್ಸಿಗೆ ಹತ್ತಿಸಿದೆ.

ಅಲ್ಲಿ ತನಕ ನನ್ನ ಮನಸಿನ್ಯಾಗ ಅಷ್ಟು ವಿಷ ಇರಲಿಲ್ಲ. ಬರೋ ಐತವಾರ ಅತ್ತಿ ಹೇಳ್ತಾರ, ಮುಗೀತದ ಅಂದ್ಕೊಂಡಿದ್ದೆ. ಮರುದಿನ ಯಶೋದಾಬಾಯಿ ಕಟ್ಟಿ ಮ್ಯಾಲ ಬಂದು ಕೂತ್ಲು. "ಏನಂದ್ರು ಕಮಳಕ್ಕ ಡಾಕ್ಟರು?" ನಾನು ಬಾಗಲ ಹಿಂದ ಜ್ವಾಳ ಹಸನ ಮಾಡಾಕತ್ತಿದ್ದೆ. ಡಾಕ್ಟರ್ ಮಾತು ಬ್ಯಾಡ ಅಂದಿದ್ರೂ ಅತ್ತಿ ಪಿಸಪಿಸ ಅಂತ ಹೇಳಿದ್ರು, "ಕ್ಯಾಮೆರಾದಾಗ ನೋಡಿದ್ರು. ಒಳಗ ಎಲ್ಲಾ ಕೆಂಪು ಅದ ಅಂದ್ರು."

ಅಷ್ಟೇ. ಮುಂದಿಂದು ನುಂಗಿದ್ರು. ಸಂಜಿ ಆಗೂದ್ರಾಗ ಓಣಿ ತುಂಬ ಸುದ್ದಿ: "ಕ್ಯಾಮೆರಾದಾಗ ಕೆಂಪು ಕಂಡದಂತ! ಖರೇ ಅದ ನೋಡ್ರಿ!" ನಲ್ಲಿ ನೀರಿಗೆ ಹೋದ್ರ ನನ್ನ ಕೊಡದ ಮಗ್ಗಲಿದ್ದ ಕೊಡ ಸರಿಸಿ ಇಟ್ರು.

ಆತು ಬಿಡು. ಅತ್ತಿಗೊಂದು ಕಾಲ ಸೊಸಿಗೊಂದು ಕಾಲ. ಮನಿಗೆ ಬಂದೆ, ಪಡಸಾಲ್ಯಾಗಿನ ಗ್ಯಾಸ್ ಒಲಿ ಎತ್ತಿ ಅಟ್ಟಕ್ಕ ಹಾಕ್ದೆ. ನಮ್ಮ ಮನಿಯವರಿಗೆ ಹೇಳಿ ಲಾರಿ ಬಾಡಿ ಕಟ್ಟಿಗಿ ತುಂಡು ಎರಡು ತರಿಸಿ ಮಂಚದ ಕಾಲಿಗೆ ಇಡಿಸಿದೆ. ಸಂಜಿ ಆರೂವರಿಗೆ ತಾಟು ತಂದು ಅತ್ತಿ ಮುಂದ ಇಟ್ಟೆ. ಮೆತ್ತಗಿನ ಅನ್ನ, ಬೇಸಿದ ಸೋರಿಕಾಯಿ, ಹೆಸರುಬ್ಯಾಳಿ. ಬ್ಯಾಳ್ಯಾಗ ಉಪ್ಪು, ಅರಿಶಿಣ. ಒಗ್ಗರಣಿ ಇಲ್ಲ, ಮೆಣಸಿನಕಾಯಿ ಇಲ್ಲ, ಹುಣಸಿಹಣ್ಣು ಇಲ್ಲ.

ಅತ್ತಿ ತಾಟು ದೂಡಿದ್ರು. ಇಕಿ ಕೈಯಾಗಿಂದು ನಾ ಉಣ್ಣಂಗಿಲ್ಲ ಅಂತ ಕೈ ಮಾಡಿ ತೋರಿಸಿದ್ರು.

"ಉಣಬ್ಯಾಡ್ರಿ" ಅಂದೆ. "ಏಳು ಹೊಡದ್ರ ತಾಟು ಎತ್ತತೀನಿ. ಆಮ್ಯಾಲ ಮುಂಜಾನಿ ತನಕ ಮನ್ಯಾಗ ಒಲಿ ಹತ್ತಂಗಿಲ್ಲ."

ಏಳಕ್ಕ ಇನ್ನೂ ಜರಾ ಇರಬೇಕಾದ್ರ ಉಂಡ್ರು. ಮಾರಿ ಸೊಟ್ಟ ಮಾಡಿ, ಒಂದೊಂದು ತುತ್ತಿಗೂ ನನ್ನ ಕಡಿ ಕೆಕ್ಕರಿಸಿ ನೋಡಿ ಉಂಡ್ರು. ನಾನು ಎದುರಿಗೆ ಕೂತು ಎರಡೂ ಕಣ್ಣಿಲೆ ನೋಡ್ದೆ. ಮೊಹಲ್ಲಾದ ಮಂದಿ ಮುಟ್ಟದ ನನ್ನ ಕೈ ಊಟ, ಬಿತ್ತು ಹೊಟ್ಟ್ಯಾಗ!

ಆ ಮಾತಿಲ್ಲದ ವಾರ ಅಂತೂ ನನಗ ದೀಪಾವಳಿ. ಮದುವ್ಯಾದಾಗಿಂದ ಮೊದಲನೇ ಸಲ ನಾನು ಮಾತಾಡಾಕಿ, ಅತ್ತಿ ಕೇಳಾಕಿ. ಕಸ ಹೊಡಕೋತ ಶುರು ಮಾಡ್ತಿದ್ದೆ.

"ಅತ್ತೀ, ನಮ್ಮ ಅಪ್ಪ ಮೊದಲನೇ ಪಂಚಮಿಗೆ ಸೀರಿ ತಂದಾಗ 'ಇದು ನೆಲ ಒರಸೋ ಅರಬಿ ಏನು' ಅಂದಿದ್ರಿ. ನೆನಪದೇನ್ರಿ?"

ಅತ್ತಿ ತಂಬಗಿ ನೆಲಕ್ಕ ಕುಟ್ಟಿದ್ರು.

"ನಮ್ಮ ಅಪ್ಪ ಮಂದಿ ಹೊಲದಾಗ ತೊಗರಿ ಕೊಯ್ದು ತಂದ ಸೀರಿ ಅದು. ಆವತ್ತು ನಾ ಅಡಗಿಮನ್ಯಾಗ ಹೋಗಿ ಅತ್ತೆ. ಇವತ್ತು ನಿಮ್ಮ ಮುಂದ ಅನ್ನಾಕತ್ತೇನಿ. ಆಮ್ಯಾಲ, ನನಗ ಕೂಸು ನಿಂದರಲಿಲ್ಲಂದಾಗ ಬರಡಿ ಅಂತ ಹಿಂದಿನ ಓಣಿ ಸುಮನಬಾಯಿ ಮುಂದ ಅಂದೀರಿ. ಅದೂ ನೆನಪದ ನನಗ."

ತಂಬಗಿ ಮತ್ತ ಕುಟ್ಟಿದ್ರು, ಆದ್ರ ಮೆತ್ತಗ. ಆಮ್ಯಾಲ ಮಾರಿ ಗ್ವಾಡಿ ಕಡಿ ಹೊಳ್ಳಿಸಿಕೊಂಡ್ರು. ನಾನು ಕಸ ಹೊಡಿಯೋದು ನಿಲ್ಲಿಸಲಿಲ್ಲ, ಮಾತೂ ನಿಲ್ಲಿಸಲಿಲ್ಲ. ಎಂಟು ವರ್ಷದ್ದು ಇತ್ತು, ಒಂದು ವಾರ ಸಾಲಲಿಲ್ಲ.

ಒಂದಿನ ಹಿಡದ ಮಳಿ. ನಮ್ಮ ಮನಿಯವರು ಶೆಡ್ಡಿಗೆ ಹೋಗಲಿಲ್ಲ, "ಭಜಿ ಮಾಡು" ಅಂದ್ರು. ಮಾಡ್ದೆ. ಉದ್ದನ ಮೆಣಸಿನಕಾಯಿ ಸೀಳಿ, ಅಜವಾನ ತುಂಬಿ, ಕಡ್ಲಿಹಿಟ್ಟಿನ್ಯಾಗ ಅದ್ದಿ ಕರದೆ. ಬೇಕಂತಲೇ ಪಡಸಾಲಿ ಬಾಗಲ ತಗದಿಟ್ಟೆ. ಅತ್ತಿ ಮಂಚದ ಮ್ಯಾಲ ಎದ್ದು ಕೂತ್ರು. ಮಾವ ಎರಡು ಭಜಿ ತಿಂದು, ಹೆಗಲ ಮ್ಯಾಲಿನ ಟವೆಲ್ ಮಡಚಿಕೊಂಡು ಪಡಸಾಲಿ ಕಡಿ ನಡದ್ರು.

"ಮಾವಾ" ಅಂದೆ, "ಟವೆಲ್ ಎಣ್ಣಿ ಕುಡ್ಯಾಕತ್ತದಲ್ರಿ?"

ಮಾವ ನಿಂತ್ರು. "ಒಂದರೆ ಕೊಡವ್ವ. ಮುದುಕಿ ಜೀವ ಬಾಯಿ ಬಿಡಾಕತ್ತದ."

"ಡಾಕ್ಟರ್ ಹುಕುಂ ಅದ್ರಿ."

ಟವೆಲಿನ್ಯಾಗಿನ ಭಜಿ ತೊಗೊಂಡು ಅತ್ತಿ ಕಣ್ಣ ಮುಂದೇ ನಾನು ತಿಂದೆ. ನಮ್ಮ ಮನಿಯವರಿಗೆ ಸಿಟ್ಟು ಬಂತು. "ಏ, ನೀ ನಮ್ಮವ್ವನ ಮ್ಯಾಲ ಸೇಡು ತೀರಿಸಿಕೊಳ್ಳಾಕತ್ತಿ."

"ಹೌದು, ತೀರಿಸಿಕೊಳ್ಳಾಕತ್ತೇನಿ. ಡಾಕ್ಟರ್ ಹೇಳಿದ್ದರಾಗ ಒಂದರೆ ಹೆಚ್ಚು ಮಾಡೀನೇನು? ಒಂದರೆ ಕಮ್ಮಿ ಮಾಡೀನೇನು? ಇದ್ರ ತೋರಸ್ರಿ."

ತೋರಸಾಕ ಏನಿತ್ತು? ಗುಳಗಿ ಹೊತ್ತಿಗೆ ಸರಿಯಾಗಿ, ಊಟ ಹೊತ್ತಿಗೆ ಸರಿಯಾಗಿ. ಚಹಾ ಕೇಳಿದ್ರ ಬಿಸಿನೀರು. ಮಿಶ್ರಿ ಡಬ್ಬಿ ನಾನೇ ಗಟಾರಕ್ಕ ಸುರವಿದೆ. ಅತ್ತಿ ಎತ್ತರದ ಮಂಚದಿಂದ ಜಾರಿ ಜಾರಿ ಕಾಲ ಕಡಿ ಬರ್ತಿದ್ರು, ರಾತ್ರಿ ನಾನು ಎದ್ದು ಹೋಗಿ ಮ್ಯಾಲ ಎಳದು ಮಲಗಿಸ್ತಿದ್ದೆ. ಇಂಥಾ ಸೇವಾ ಮಾಡೋ ಸೊಸಿ ಯಾರಿಗೆ ಸಿಗ್ತಾಳ?

ಸಪ್ಪನ ಬ್ಯಾಳಿ ತನ್ನ ಕೆಲಸ ಮಾಡ್ತು. ಮೊದಲು ಮುಂಜಾನಿ ಕೆಮ್ಮು ಹೋತು. ಆಮ್ಯಾಲ ಖ್ಯಾಕ್ ಖ್ಯಾಕ್ ಕಮ್ಮಿ ಆತು. ಹುಮನಾಬಾದ್‌ಕ ಮತ್ತ ಹೋದಾಗ ಟೀವ್ಯಾಗಿನ ಕೆಂಪು ಅರ್ಧ ಇಳದಿತ್ತು. ಒಂದಿನ ನಾನು ಹಿಟ್ಟು ನಾದಾಕತ್ತೇನಿ, ಬಚ್ಚಲದಾಗ ಅತ್ತಿ ನೀರು ಹಾಕ್ಕೋತ ಗುನುಗಾಕತ್ಯಾರ. ಮೊದಲು ಸಣ್ಣಗ, ಆಮ್ಯಾಲ ಜರಾ ಏರಿಸಿ. ಒಡೀಲಿಲ್ಲ ದನಿ. ಖರೇ ಹೇಳ್ತೀನಿ, ನನ್ನ ಕೈ ಹಿಟ್ಟಿನ್ಯಾಗೇ ನಿಂತು ಹೋತು. ಅಷ್ಟು ಛಲೋ ದನಿ ಅದು. ಆದ್ರ ಸಿಟ್ಟು ಇಳೀಲಿಲ್ಲ. ಅಷ್ಟು ಛಲೋ ದನಿಲೆ ನನ್ನ ಹೆಸರು ಕೆಡಿಸ್ಯಾರಲ್ಲ ಅಂತ ಇನ್ನಿಷ್ಟು ಏರ್ತು.

ಸೀರಿ ಉಟ್ಕೊಂಡು ಬಂದ ಅತ್ತಿ ಮುಂದ ಹೋಗಿ ನಿಂತೆ.

"ದನಿ ಬಂತಲ್ರಿ."

"ಬಂತು" ಅಂದ್ರು. ಕಣ್ಣಾಗ ನೀರಿತ್ತು.

"ಹುಣ್ಣಿವಿ ದಿನ ವರ್ಷಾವಾಸ ಮುಗೀತದ. ಮಂದಿ ಎಲ್ಲಾ ಕೂಡ್ತಾರ. ನೀವು ಹಾಡ್ತೀರಿ. ಹಾಡಿದ ಮ್ಯಾಲ ಹೇಳ್ರಿ, ಏನು ಹೇಳಬೇಕು ನಿಮಗ ಗೊತ್ತದ. ಆಮ್ರಪಾಲಿ ಸಾಕ್ಷಿ ಇದ್ಲು."

ಅತ್ತಿ ಕೂದಲ ಝಾಡಿಸಿದ್ರು. "ಮನ್ಯಾಗ ಹೇಳ್ತೀನಲ್ಲ, ನಿಂದೇನು ತಪ್ಪಿಲ್ಲ ಅಂತ. ಅಷ್ಟು ಮಂದ್ಯಾಗ ನನ್ನ ಮಾರಿ ಏನು ಉಳೀತದ?"

"ನಂದು ಉಳಿಸಿದ್ರೇನು?"

"ಹೇಳಲಿಲ್ಲಂದ್ರ ಏನ್ ಮಾಡ್ತೀ?"

"ಏನೂ ಮಾಡಂಗಿಲ್ರಿ. ಮರುದಿನದಿಂದ ಪ್ರೀತೀಲೆ ಮಿರ್ಚಿ ಭಜಿ ಕರದು ಕೊಡ್ತೀನಿ. ದಿನಾ. ರಾತ್ರಿ ಹತ್ತು ಹೊಡದಮ್ಯಾಲ, ನೀವು ಕೇಳಿದಷ್ಟು. ಮ್ಯಾಲ ಠೇಚಾ, ಮ್ಯಾಲ ಚಹಾ. ಮಂಚದ ಕೆಳಗಿನ ಕಟ್ಟಿಗಿನೂ ತಗದು ಒಲಿಗೆ ಹಾಕ್ತೀನಿ. ನೀವು ಬ್ಯಾಡ ಅನ್ನೋ ಪೈಕಿ ಅಲ್ಲ, ನನಗ ಗೊತ್ತದ."

ಅತ್ತಿ ಕೂದಲ ಗಂಟು ಹಾಕ್ಕೊಂಡ್ರು. "ನೀ ರಾಕ್ಷಸಿ ಇದ್ದೀ" ಅಂದ್ರು.

"ಹೌದ್ರಿ" ಅಂದೆ. "ನಿಮ್ಮ ಸೊಸಿ."

ಹುಣ್ಣಿವಿ ದಿನ ವಿಹಾರದ ಮುಂದ ಪೆಂಡಾಲ ಹಾಕಿದ್ರು. ಖೀರು ಯಾರ ಪಾಳಿ ಅಂತ ಮಾತು ಬಂದಾಗ ನಾನೇ ಮಾಡ್ತೀನಿ ಅಂದಿದ್ದೆ. ಮಂದಿ ಒಬ್ಬರ ಮಾರಿ ಒಬ್ಬರು ನೋಡಿದ್ರು, ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಬೋಗಾಣಿ ಹಿಂದ ನಾನು ನಿಂತೆ. ನನ್ನ ಮಗ್ಗಲದಾಗ ಒಂದು ಸ್ಟೀಲ್ ಡಬ್ಬಿ ಇತ್ತು, ಅರಿವ್ಯಾಗ ಸುತ್ತಿದ್ದು.

ಗ್ರಂಥದ ಕಡೀ ಪಾಠ ಮುಗೀತು. ಅತ್ತಿ ಬಿಳಿ ಸೀರ್ಯಾಗ ಎದ್ದು ಮೈಕ್ ಹಿಡದ್ರು, ಹಾಡಿದ್ರು. ಎಷ್ಟು ತಿಂಗಳಾಗಿತ್ತು ಆ ದನಿ ಕೇಳಿ! ಮುದುಕರು ಕಣ್ಣು ಒರಸಿಕೊಂಡ್ರು, ಆಮ್ರಪಾಲಿ ಅಂತೂ ಬಿಕ್ಕಿ ಬಿಕ್ಕಿ ಅತ್ಲು. ಹಾಡು ಮುಗದ ಮ್ಯಾಲ ಚಪ್ಪಾಳಿ. ಅತ್ತಿ ಕೈ ಮುಗದು, "ಜೈಭೀಮ" ಅಂದು ಮೈಕ್ ಇಟ್ಟು ಕೂತುಬಿಟ್ರು.

ನಾನು ಡಬ್ಬಿ ಅರಿವಿ ಬಿಚ್ಚಿದೆ, ಮುಚ್ಚಳ ತಗದೆ. ಬಿಸಿ ಮಿರ್ಚಿ ಭಜಿ. ಘಮ್ ಅಂತ ವಾಸನಿ ಪೆಂಡಾಲ ದಾಟಿ ಹೋತು. ಮಂದಿಗೆ ಖೀರಿನ ಜೋಡಿ ಭಜಿನೂ ಅದ ಅಂತ ಖುಷಿ ಆತು. ಅತ್ತಿ ಮೂಗು ಏರಿಸಿದ್ರು, ತಿರುಗಿ ನನ್ನ ನೋಡಿದ್ರು, ಡಬ್ಬಿ ನೋಡಿದ್ರು. ಕೈ ತಾನಾಗಿ ಗಂಟಲಕ್ಕ ಹೋತು. ಆಮ್ಯಾಲ ಮೊಣಕಾಲು ಹಿಡದು ಮತ್ತ ಎದ್ರು, ಮೈಕ್ ತೊಗೊಂಡ್ರು.

"ನನ್ನ ದನಿ ಬಗ್ಗೆ ಯಾರೋ ಏನೋ ಅಂದಿದ್ರು" ಅಂದ್ರು ಸಣ್ಣಗ. "ಹಂಗೇನಿಲ್ರಿ. ಗ್ಯಾಸ್ ಆಗಿತ್ತು."

ನಾನು ಬೋಗಾಣಿ ಹಿಂದಿನಿಂದ ಒದರಿದೆ, "ಅತ್ತೀ, ಹಿಂದ ಕೂತವರಿಗೆ ಕೇಳಿಲ್ರಿ! ಯಾರು ಅಂದಿದ್ರು, ಯಾರಿಗೆ ಅಂದಿದ್ರು, ಬಿಡಿಸಿ ಹೇಳ್ರಿ!"

ಮಂದಿ ಎಲ್ಲಾ ತಿರುಗಿ ನೋಡಿದ್ರು. ನಮ್ಮ ಮನಿಯವರು ತಲಿ ಕೆಳಗ ಹಾಕಿದ್ರು. ಮಾವ ಹಾಕಲಿಲ್ಲ. ಅತ್ತಿ ಮೈಕ್ ಬಾಯಿಗೆ ಹತ್ರ ಹಿಡದ್ರು, ಹಾಡಿಗೆ ತೊಗೊಳ್ಳೋ ಅಷ್ಟು ಉಸಿರು ತೊಗೊಂಡ್ರು.

"ನಾನು ಅಂದಿದ್ದೆ" ಅಂದ್ರು. ಆ ದನಿ ಕಡೀ ಸಾಲಿನ ತನಕ ಹೋತು, ಓಣಿ ತನಕ ಹೋತು. "ಇಲ್ಲೇ ನಿಂತು, ಇದೇ ಮೈಕಿನ್ಯಾಗ ನಾನೇ ಅಂದಿದ್ದೆ. ನನ್ನ ಸೊಸಿ ಸುಜಾತಾ ಶೇಂದೂರ ತಿನ್ನಿಸ್ಯಾಳ ಅಂತ. ಅದು ಸುಳ್ಳು. ಕ್ಯಾಮೆರಾದಾಗ ಕಂಡಿದ್ದು ಶೇಂದೂರ ಅಲ್ಲ, ನನ್ನ ಹೊಟ್ಟಿ ಹುಳಿ. ಉಂಡು ಉಂಡು ಬಿದ್ಕೊಂಡಿದ್ದಕ್ಕ ಬಂದಿದ್ದು. ನನಗ ಆವತ್ತೇ ಗೊತ್ತಿತ್ತು, ಹೇಳಲಿಲ್ಲ. ಇವತ್ತು ನಾ ಹಾಡಿದ್ದು ಆಕಿ ಕೈ ಊಟ ಉಂಡು."

ಯಾರೂ ಚಪ್ಪಾಳಿ ಹೊಡೀಲಿಲ್ಲ. ಅತ್ತಿ ಸೀದಾ ನಡದು ಬೋಗಾಣಿ ಮುಂದ ಬಂದು ನಿಂತ್ರು, ಬಟ್ಟಲ ಚಾಚಿದ್ರು. ನಾನು ಖೀರು ಹಾಕ್ದೆ. ನಿಂತಲ್ಲೇ, ಎಲ್ಲಾರ ಕಣ್ಣ ಮುಂದ ಉಂಡ್ರು. ಅವರ ಹಿಂದ ಮಂದಿ ಸಾಲು ಹಚ್ಚಿದ್ರು. ಯಶೋದಾಬಾಯಿ ಮೊಮ್ಮಗಳ ಕೈ ಹಿಡಕೊಂಡು ಬಂದ್ಲು. ಕೂಸಿಗೆ ಎರಡು ಸೌಟು ಹಾಕ್ದೆ. ಆಕಿ ಬಟ್ಟಲ ಮುಂದ ಬಂದಾಗ ಸೌಟು ಎತ್ತಿ ಹಿಡದೆ.

"ನಿಮಗ ಹೊಟ್ಟಿ ತುಂಬಿರಬೇಕಲ್ರಿ ಕಾಕೂ?"

"ಇಲ್ಲವ್ವ" ಅಂದ್ಲು, ನೆಲ ನೋಡ್ಕೋತ. "ಹಸಿವಿ ಆಗ್ಯದ."

ಹಾಕ್ದೆ. ಬೋಗಾಣಿ ತಳ ಕೆರದು ಹಾಕ್ದೆ.

ಮಂದಿ ಹೋದ ಮ್ಯಾಲ ಅತ್ತಿ ಬಂದು ನನ್ನ ಮಗ್ಗಲದಾಗ ಕೂತ್ರು. ಡಬ್ಬಿ ಕಡಿ ನೋಡಿದ್ರು. "ಹೇಳಿದ್ನಲ್ಲ ಈಗ" ಅಂದ್ರು. "ಒಂದರೆ ಕೊಡು."

ನಾನು ಡಬ್ಬಿ ತೊಡಿ ಮ್ಯಾಲ ಇಟ್ಕೊಂಡು ಒಂದು ತಿಂದೆ, ಆಮ್ಯಾಲ ಇನ್ನೊಂದು. ಅತ್ತಿ ನೋಡ್ಕೋತ ಕೂತ್ರು. ಒಂದೂ ಕೊಡಲಿಲ್ಲ.